ಒಡೆಯಲೆಂದು ಕಟ್ಟಿದ ಊರು

"ಏನೇ ಮುಂಡೇದೇ, ನಿಮ್ಮಪ್ಪನ ಮನೆ ಕಟ್ತಿದ್ದೀಯೇನೇ? ಬೆಳಿಗ್ಗೆಯಿಂದ ಒಂದೇ ಗೋಡೆ ಸವರ್ಕೊಂಡು ನಿಂತಿದ್ದೀಯಲ್ಲ! ಒಡೆದು ಹಾಕೋ ಗೋಡೆಗೆ ಇಷ್ಟು ನುಣುಪು ಯಾವನಿಗೆ ಬೇಕು?"

ಗುತ್ತಿಗೆದಾರ ಕೆಳಗೆ ನಿಂತು ಕೂಗುತ್ತಿದ್ದ. ಸಾರುವೆಯ ಹಲಗೆಯ ಮೇಲೆ ನಿಂತಿದ್ದ ಗಾರೆಯಾಳು ಕರಣೆ ತಿರುಗಿ ನೋಡಲಿಲ್ಲ. ಬಾಂಡ್ಲಿಯಿಂದ ಗಾರೆ ತೆಗೆದು ಗೋಡೆಗೆ ಬೀಸಿ ಹೊಡೆದಳು. ಅದು ಕಚ್ಚಿಕೊಂಡಿತೋ ಇಲ್ಲವೋ ನೋಡಿ ಮತ್ತೆ ಕೈಯಾಡಿಸಿದಳು.

"ಕಿವಿ ಕೇಳಿಸ್ತದೋ ಇಲ್ವೋ?"

"ಕೇಳಿಸ್ತದೆ ಧಣಿ. ಗೋಡೆ ಇನ್ನೂ ಹಸಿ ಇದೆ. ಈಗ ಬಿಟ್ಟರೆ ಬಿರುಕು ಬಿಡ್ತದೆ."

"ಬಿಡ್ಲಿ ಬಿಡೇ! ನಾಳೆ ನಾಡಿದ್ದು ಪುಡಿ ಆಗೋದಕ್ಕೆ ಬಿರುಕಿನ ಚಿಂತೆ ಇವಳಿಗೆ!"

ಅವನ ಹಿಂದೆ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಜೀಪು ಬಂದು ನಿಂತಿತು. ಮೀಸೆ ಸಾಹೇಬ ಇಳಿದ. ಸೈನ್ಯದ ದೊಡ್ಡ ಅಧಿಕಾರಿ. ಕೂಲಿಯವರಿಗೆ ಅವನ ಪದವಿ ಗೊತ್ತಿರಲಿಲ್ಲ, ಮೀಸೆ ಗೊತ್ತಿತ್ತು. ಅವನು ಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದ.

"ಇದು ಸರಿ ಇದೆ. ಉಳಿದವು ಯಾಕ್ರೀ ಹಾಗಿವೆ? ದೂರದಿಂದ ನೋಡಿದ್ರೆ ಜನ ವಾಸ ಇದ್ದಾರೆ ಅನ್ನಿಸ್ಬೇಕು. ಹೊಸ ಫಿರಂಗಿ ತಂದಿರೋದು ಮಣ್ಣುಗುಡ್ಡೆ ಒಡೆಯೋಕಾ? ನೋಡೋಕೆ ಬರೋರು ದೊಡ್ಡ ಜನ."

"ಹೌದು ಸರ್, ನಾನೂ ಅದನ್ನೇ ಹೇಳ್ತಿದ್ದೆ ಸರ್ ಇವಳಿಗೆ. ನುಣುಪಾಗಿ ಮಾಡು ಅಂತ," ಅಂದ ಗುತ್ತಿಗೆದಾರ.

ಕರಣೆ ಅನ್ನುವುದು ಅವಳ ಹೆಸರಲ್ಲ. ಗಂಡ ಗಾರೆ ಕೆಲಸದವನು. ಅವನ ಪಕ್ಕ ಕಲಸಿದ ಸಿಮೆಂಟು ಹೊತ್ತು ನಿಂತು ನಿಂತೇ ಕೆಲಸ ಕಲಿತವಳು. ಈ ಫಿರಂಗಿ ಮೈದಾನಕ್ಕೆ ಕಂದಕ ತೋಡುವಾಗ ಮಣ್ಣು ಕುಸಿದು ಅವನು ಒಳಗೇ ಉಳಿದ. ಗಾರೆ ಸವರುವ ಅವನ ಕರಣೆಯನ್ನು ಇವಳು ಕೈಗೆತ್ತಿಕೊಂಡಳು. ಆಗಿನಿಂದ ಎಲ್ಲರ ಬಾಯಲ್ಲೂ ಅವಳು ಕರಣೆಯೇ ಆದಳು. ಮಾಡುವುದು ಮೇಸ್ತ್ರಿಯ ಕೆಲಸ, ಕೈಗೆ ಬರುವುದು ಹೆಣ್ಣಾಳಿನ ಕೂಲಿ.

ಅವರು ಕಟ್ಟುತ್ತಿದ್ದುದು ಒಂದು ಊರು. ಬೀದಿಯ ಎರಡೂ ಕಡೆ ಮನೆಗಳು, ಮನೆಗಳಿಗೆ ಬಾಗಿಲು, ಕಿಟಕಿ, ಬಟ್ಟೆ ಒಣಹಾಕಲು ಹಗ್ಗ. ಒಂದು ತುದಿಗೆ ಕರಿಹಲಗೆ ಇರುವ ಶಾಲೆ. ನಡುವೆ ಬಿಳಿ ಬಣ್ಣದ ಆಸ್ಪತ್ರೆ, ಅದರೊಳಗೆ ಕಬ್ಬಿಣದ ಮಂಚ, ಹಾಸಿಗೆ, ಮಡಚಿಟ್ಟ ಬಿಳಿ ಹೊದಿಕೆ. ಆಸ್ಪತ್ರೆಯ ಪಕ್ಕ ಎತ್ತರದ ನೀರಿನ ತೊಟ್ಟಿ. ತೊಟ್ಟಿಯನ್ನು ತುಂಬಿಸಿ ಇಟ್ಟಿದ್ದರು. ಗುಂಡು ಬಿದ್ದಾಗ ನೀರು ಚಿಮ್ಮುವುದು ಪೆಂಡಾಲಿನಲ್ಲಿ ಕುಳಿತವರಿಗೆ ಚೆನ್ನಾಗಿ ಕಾಣಬೇಕಂತೆ. ಸರ್ಕಾರ ಹೊಸದಾಗಿ ಕೊಂಡ ಫಿರಂಗಿಗಳು ಎಂಥವು ಎಂದು ತೋರಿಸಲು ಒಂದು ಬೆಳಿಗ್ಗೆ ಈ ಇಡೀ ಊರನ್ನು ಹೊಡೆದು ಉರುಳಿಸುವವರಿದ್ದರು.

ಕಟ್ಟುತ್ತಿದ್ದವರು ಬೇಲಿಯಾಚೆ ತಗಡಿನ ಶೆಡ್ಡುಗಳಲ್ಲಿ ಇದ್ದರು. ಮೈದಾನ ದೊಡ್ಡದು ಮಾಡಬೇಕೆಂದು ಅವರನ್ನು ಅವರ ಊರಿನಿಂದ ಎಬ್ಬಿಸಿದ್ದರು. ಮನೆ ಕೊಡುತ್ತೇವೆ, ನಲ್ಲಿ ಕೊಡುತ್ತೇವೆ, ಆಸ್ಪತ್ರೆ ಕೊಡುತ್ತೇವೆ ಎಂದು ಹೇಳಿ ಲಾರಿ ಹತ್ತಿಸಿದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ನೀರಿನ ಗಾಡಿ ಮನಸ್ಸಾದಾಗ ಬರುತ್ತಿತ್ತು. ಮೊದಲು ಒಬ್ಬ ನರ್ಸಮ್ಮ ಬರುತ್ತಿದ್ದಳು, ಅವಳೂ ನಿಂತುಹೋದಳು.

ಕರಣೆಯ ಮಗಳಿಗೆ ದಿನ ತುಂಬಿತ್ತು. ಅಳಿಯ ಗಡಿಯಲ್ಲಿದ್ದ. ಸಿಪಾಯಿಯಲ್ಲ. ಬೆಟ್ಟದ ಮೇಲಿನ ಸಿಪಾಯಿಗಳಿಗೆ ಗುಂಡಿನ ಪೆಟ್ಟಿಗೆ, ಸೀಮೆಎಣ್ಣೆ, ಹಿಟ್ಟಿನ ಮೂಟೆ ಹೊರುವ ಕೂಲಿ. ಹೊಟ್ಟೆ ಮುಂದಕ್ಕೆ ಬಂದರೂ ಮಗಳು ನೀರು ಹೊರುವುದು ಬಿಟ್ಟಿರಲಿಲ್ಲ. ಬಿಟ್ಟರೆ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು.

ನರ್ಸಮ್ಮನ ವಿಚಾರ ಕೇಳಲು ಕರಣೆ ಒಂದು ದಿನ ಕೂಲಿ ಬಿಟ್ಟು ಪಟ್ಟಣದ ಕಚೇರಿಗೆ ಹೋದಳು. ಜೊತೆಗೆ ಮಾವ, ಅಂದರೆ ಸತ್ತ ಗಂಡನ ಅಪ್ಪ. ಬೆನ್ನು ಬಾಗಿದ್ದರೂ ನಾಲಿಗೆ ಬಾಗದ ಮುದುಕ. ಇನ್ನೊಬ್ಬಳು ಪಕ್ಕದ ಶೆಡ್ಡಿನ ಕುಳ್ಳಿ. ಕ್ಯಾಂಪಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಅವಳೇ ಓಡಬೇಕು.

"ಅಲ್ಲೇ, ಅಲ್ಲೇ ನಿಂತು ಮಾತಾಡಿ. ಈಗ ತಾನೇ ನೆಲ ಒರೆಸಿದ್ದಾರೆ," ಅಂದ ಅಧಿಕಾರಿ. ಊರು ಎಬ್ಬಿಸಿದವರಿಗೆಲ್ಲ ನೆಲೆ ಮಾಡಿಕೊಡುವ ಕೆಲಸ ಅವನದಂತೆ. ಕಣ್ಣು ಗೋಡೆಯ ಟೀವಿಯ ಮೇಲಿತ್ತು.

"ಸ್ವಾಮಿ, ನರ್ಸಮ್ಮನ್ನ ಯಾವಾಗ ಕಳಿಸ್ತೀರಾ? ಮಗಳಿಗೆ ದಿನ ತುಂಬಿದೆ. ಹೋದ ಸಲ ಬಂದಾಗ..."

"ಶ್, ಇರಮ್ಮ. ಬಜೆಟ್ ಓದ್ತಿದ್ದಾರೆ."

ಟೀವಿಯೊಳಗೆ ಕೋಟು ಹಾಕಿದ ಒಬ್ಬರು ಏನೋ ಓದಿದರು. ಸುತ್ತ ಕುಳಿತವರೆಲ್ಲ ಮೇಜನ್ನು ದಬದಬ ಕುಟ್ಟಿದರು. ಅಧಿಕಾರಿಯೂ ತನ್ನ ಮೇಜಿನ ಮೇಲೆ ಬೆರಳಾಡಿಸಿದ.

"ಯಾಕ್ ಸ್ವಾಮಿ ಮೇಜು ಕುಟ್ತಾರೆ? ತಿಗಣೆ ಆಗಿವೆಯಾ?" ಅಂದ ಮಾವ.

ಕುಳ್ಳಿ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಅಧಿಕಾರಿ ಮೊದಲ ಸಲ ಇವರತ್ತ ತಿರುಗಿದ.

"ದೇಶದ ರಕ್ಷಣೆಗೆ ಇಷ್ಟು ದುಡ್ಡು ಇದುವರೆಗೆ ಯಾರೂ ಎತ್ತಿಟ್ಟಿಲ್ಲ, ಗೊತ್ತಾ? ಹೊಸ ವಿಮಾನ, ಹೊಸ ಫಿರಂಗಿ. ಹೆಮ್ಮೆ ಪಡಬೇಕು."

"ನಮ್ಮ ಆಸ್ಪತ್ರೆಗೆ ಎಷ್ಟು ಇಟ್ಟವ್ರೆ ಸ್ವಾಮಿ?" ಕರಣೆ ಕೇಳಿದಳು.

"ಒಂದು ಕಡೆ ಜಾಸ್ತಿ ಕೊಟ್ಟರೆ ಇನ್ನೊಂದು ಕಡೆ ಕೈ ಬಿಗಿ ಹಿಡೀಬೇಕಾಗ್ತದಲ್ಲಮ್ಮ. ಈ ವರ್ಷ ಹೊಸ ಆಸ್ಪತ್ರೆ ಎಲ್ಲೂ ಇಲ್ಲ. ಇದ್ದ ನರ್ಸುಗಳನ್ನೇ ಕಮ್ಮಿ ಮಾಡ್ತಿದ್ದಾರೆ. ಮುಂದಿನ ವರ್ಷ ಬಾ, ನೋಡೋಣ."

"ಮುಂದಿನ ವರ್ಷದ ತನಕ ಹೆರಿಗೆ ತಡೀತದಾ ಸ್ವಾಮಿ?"

"ಅದಕ್ಕೆ ನಾನೇನ್ಮಾಡ್ಲಿ? ದೇಶ ಉಳಿದ್ರೆ ತಾನೇ ನೀವು ಉಳಿಯೋದು? ನಾಳೆ ಶತ್ರು ಒಳಗೆ ನುಗ್ಗಿದ್ರೆ ಏನ್ಮಾಡ್ತೀರಾ?"

"ನುಗ್ಗಿ ಏನ್ಮಾಡ್ತಾನೆ ಸ್ವಾಮಿ?" ಮಾವ ಹೊಸ್ತಿಲ ಮೇಲೆ ಒಂದು ಕಾಲಿಟ್ಟ. "ಊರು ಬಿಡಿಸ್ತಾನಾ? ಅದು ಆಗೋಯ್ತು. ಮನೆ ಕೆಡವ್ತಾನಾ? ಅದೂ ಆಗೋಯ್ತು. ಮಗನ್ನ ಮಣ್ಣಲ್ಲಿ ಹೂಳ್ತಾನಾ? ಅದೂ ನೀವೇ ಮುಗಿಸಿದ್ರಿ. ಪಾಪ, ಅವನು ಬಂದ್ರೂ ಸುಮ್ನೆ ಕೂತ್ಕೋಬೇಕು."

ಅಧಿಕಾರಿಯ ಮುಖ ಕಪ್ಪಿಟ್ಟಿತು. "ಏಯ್ ಮುದುಕಾ, ಇಂಥ ಮಾತಿಗೆ ಒಳಗೆ ಹಾಕಿಸ್ತೀನಿ. ಯಾರಲ್ಲಿ, ಇವರನ್ನ ಹೊರಗೆ ತಳ್ರೋ!"

ತಳ್ಳಿದರು. ಮಾವ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದ. ಮಂಡಿ ಕಿತ್ತು ರಕ್ತ ಬಂತು. ಕರಣೆ ಅವನ ತೋಳು ಹಿಡಿದು ಎತ್ತಿದಳು. ವಾಪಸು ಕ್ಯಾಂಪಿನ ಹತ್ತಿರ ಬಂದಾಗ ಮುದುಕ, "ತಿಗಣೆ ಅಲ್ಲದಿದ್ರೆ ಮತ್ಯಾಕೆ ಕುಟ್ತಾರೆ ಅಂತ ಹೇಳ್ಲೇ ಇಲ್ಲ ನೋಡು ಅವನು," ಅಂದ.

ಊರು ಮುಗಿಯುತ್ತ ಬಂದಾಗ ಗುತ್ತಿಗೆದಾರ ಚೀಲ ಹಿಡಿದುಕೊಂಡು ಶೆಡ್ಡುಗಳಿಗೆ ಬಂದ.

"ಹಳೇ ಬಟ್ಟೆ ಕೊಡ್ರೇ. ಗಂಡಸ್ರದು, ಹೆಂಗಸ್ರದು, ಮಕ್ಕಳದು, ಎಲ್ಲಾ ಬೇಕು. ಹುಲ್ಲಿನ ಬೊಂಬೆಗೆ ಹಾಕೋಕೆ."

"ಇರೋದೇ ಹಳೇದು, ಅದನ್ನ ನಿಮಗೆ ಕೊಟ್ಟು ನಾವು ಹುಲ್ಲು ಸುತ್ಕೊಳ್ಳೋಣ್ವಾ?" ಅಂದಳು ಕುಳ್ಳಿ.

"ಬಾಯಿ ನೋಡು ಇವಳದ್ದು! ಅಂಗಡಿಯಿಂದ ಹೊಸದು ತಂದಿದ್ದೆ ಕಣೇ, ಸಾಹೇಬ್ರು ಬೈದ್ರು. ಮಾಸಿರಬೇಕಂತೆ, ಹರಿದಿರಬೇಕಂತೆ. ಆ ಕಡೆ ದೇಶದ ಹಳ್ಳಿ ಜನ ಥೇಟ್ ನಿಮ್ಮ ಹಾಗೇ ಇರ್ತಾರಂತೆ."

ಅವನ ಕಡೆಯವರು ಹಗ್ಗದ ಮೇಲಿದ್ದುದನ್ನೆಲ್ಲ ಎಳೆದು ಚೀಲಕ್ಕೆ ತುರುಕಿದರು. ಹೂವಿನ ಚಿತ್ತಾರದ ಒಂದು ನೀಲಿ ಅಂಗಿಯೂ ಹೋಯಿತು. ಅಳಿಯ ಗಡಿಗೆ ಹೊರಡುವ ಮುಂಚೆ ಹೆಂಡತಿಗೆ ತಂದುಕೊಟ್ಟ ಅಂಗಿ. ಮಗಳು ಚೀಲವನ್ನು ಹಿಡಿದು ಜಗ್ಗಿದಳು. ಒಬ್ಬ ಅವಳ ಕೈ ತಿರುವಿ ಬಿಡಿಸಿಕೊಂಡ.

ಮಾರನೆಯ ದಿನ ಬೊಂಬೆಗಳನ್ನು ಕಿಟಕಿಗಳಲ್ಲಿ, ಹೊಸ್ತಿಲುಗಳಲ್ಲಿ ನಿಲ್ಲಿಸಿದರು. ಕೆಲಸದ ಕೊನೆಯ ದಿನ ಅದು. ಗುತ್ತಿಗೆದಾರ ಖುಷಿಯಲ್ಲಿದ್ದ. ಆಸ್ಪತ್ರೆಯ ಬಾಗಿಲಲ್ಲಿ ನೀಲಿ ಅಂಗಿಯ ಬೊಂಬೆ ಇಟ್ಟು, ಅಂಗಿಯೊಳಗೆ ಕೈ ಹಾಕಿ ಹೊಟ್ಟೆಯ ಭಾಗಕ್ಕೆ ಇನ್ನಷ್ಟು ಹುಲ್ಲು ತುರುಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಏ ಕರಣೆ, ನೋಡೇ ಇಲ್ಲಿ! ನಿನ್ನ ಮಗಳು! ಹೆರಿಗೆಗೆ ಆಸ್ಪತ್ರೆ ಬೇಕು ಅಂತಿದ್ದೆಯಲ್ಲ, ಸೇರಿಸಿದ್ದೀನಿ ನೋಡು!"

ನಗೆ ಎದ್ದಿತು. ಕರಣೆ ಕೈಯಲ್ಲಿದ್ದ ಗಾರೆ ಕರಣೆಯನ್ನು ಬಿಗಿ ಹಿಡಿದಳು. ಅವಳು ಹೆಜ್ಜೆ ಎತ್ತುವ ಮುಂಚೆ ಮಗಳು ತಲೆಯ ಮೇಲಿನ ಕೊಡ ಇಳಿಸಿದ್ದಳು. ಭಾರದ ಹೊಟ್ಟೆ ಹೊತ್ತು ಸಾವಕಾಶವಾಗಿ ನಡೆದುಬಂದಳು, ಬೊಂಬೆಯ ಹೊಟ್ಟೆಯೊಳಗಿನ ಹುಲ್ಲನ್ನು ಹಿಡಿ ಹಿಡಿಯಾಗಿ ಕಿತ್ತು ಗುತ್ತಿಗೆದಾರನ ಮುಖಕ್ಕೆ ಎಸೆದಳು.

"ತಿನ್ನೋ ಬೇವರ್ಸಿ. ಬಜೆಟ್ಟಿನಲ್ಲಿ ನಿನಗೆ ಅಂತ ಇಟ್ಟಿದ್ದು."

ಗುತ್ತಿಗೆದಾರ ಕೈ ಎತ್ತಿದ. ಹೊಡೆಯಲಿಲ್ಲ. ಕೆಲಸ ಮಾಡುತ್ತಿದ್ದ ಗಂಡಸರು ಗುದ್ದಲಿ ಹಿಡಿದು ನೆಟ್ಟಗೆ ನಿಂತಿದ್ದರು. ಅವನು ಮುಖ ಒರೆಸಿಕೊಂಡು ನೆಲಕ್ಕೆ ಉಗಿದ.

ಮರುದಿನ ಬೆಳಕು ಹರಿಯುವಾಗ ಮೈಕಿನ ಗಾಡಿ ಬಂತು. ಮಧ್ಯಾಹ್ನದ ತನಕ ಯಾರೂ ಬೇಲಿಯ ಹತ್ತಿರ ಸುಳಿಯಬಾರದು, ರಸ್ತೆಗೆ ಬರಬಾರದು ಎಂದು ಕೂಗುತ್ತ ಹೋಯಿತು. ಅದರ ಸದ್ದು ಅಡಗುವ ಮುಂಚೆಯೇ ಮಗಳು ಶೆಡ್ಡಿನ ಕಂಬ ಹಿಡಿದುಕೊಂಡು, "ಅವ್ವಾ" ಅಂದಳು.

ಕುಳ್ಳಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತು ಹೊರಗೂ ಒಳಗೂ ತಿರುಗಾಡಿದಳು. ಆಮೇಲೆ ಕರಣೆಯನ್ನು ಪಕ್ಕಕ್ಕೆ ಕರೆದಳು.

"ನನ್ನ ಕೈಲಾಗೋ ಹೆರಿಗೆಯಲ್ಲ ಅಕ್ಕ ಇದು. ಮಗು ಅಡ್ಡ ತಿರುಗಿದ ಹಾಗಿದೆ. ಪಟ್ಟಣಕ್ಕೆ ಹೊರಡಿಸು."

ಸಿಮೆಂಟು ಸಾಗಿಸುವ ಟ್ರಾಕ್ಟರು ಕ್ಯಾಂಪಿನಲ್ಲೇ ನಿಂತಿತ್ತು. ಡ್ರೈವರು ಅವರವನೇ, ಕೂಡಲೇ ಗಾಡಿ ಚಾಲೂ ಮಾಡಿದ. ಟ್ರೇಲರಿನಲ್ಲಿ ಹೊದಿಕೆ ಹಾಸಿ ಮಗಳನ್ನು ಮಲಗಿಸಿ, ಕರಣೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದೊಡ್ಡ ರಸ್ತೆ ಸೇರುವ ಕಡೆ ಅಡ್ಡಗಂಬ ಹಾಕಿತ್ತು. ಅದರಾಚೆ ಕರಿ ಗಾಜಿನ ಕಾರುಗಳು ಒಂದರ ಹಿಂದೊಂದು ಪೆಂಡಾಲಿನತ್ತ ಹೋಗುತ್ತಿದ್ದವು. ಕಾವಲಿನ ಸಿಪಾಯಿ ಕೈ ಅಡ್ಡ ಹಿಡಿದ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ.

"ವಾಪಸ್, ವಾಪಸ್. ರಸ್ತೆ ಬಂದ್."

"ಹೆರಿಗೆ ಕೇಸು ಅಣ್ಣ. ನೋಡಪ್ಪಾ, ನೀನೇ ಇಣುಕಿ ನೋಡು."

ಅವನು ಇಣುಕಿ ನೋಡಿ ಮುಖ ಆಚೆ ತಿರುಗಿಸಿದ. "ಗಣ್ಯರೆಲ್ಲ ಬಂದು ಮುಗಿಯೋ ತನಕ ಬಿಡೋ ಹಾಗಿಲ್ಲಮ್ಮ. ನನ್ನ ಕೆಲಸ ಹೋಗ್ತದೆ."

ಅಲ್ಲೇ ಮರದ ನೆರಳಲ್ಲಿ ಬಿಳಿ ಗಾಡಿಯೊಂದು ನಿಂತಿತ್ತು, ಪಕ್ಕಕ್ಕೆ ಕೆಂಪು ಗುರುತು. ಗಾಡಿಯ ಪಕ್ಕ ಒಂದು ಡೇರೆ. ಡೇರೆಯ ಬಾಗಿಲಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

"ಅಗೋ, ಅಲ್ಲಿ ಡಾಕ್ಟ್ರಮ್ಮ ಇದ್ದಾರಲ್ಲ! ಅವ್ರನ್ನಾದ್ರೂ ಕರಿಯಪ್ಪಾ!"

"ಅದು ಅತಿಥಿಗಳಿಗೆ. ಯಾರಿಗಾದ್ರೂ ಬಿಸಿಲಿಗೆ ತಲೆ ಸುತ್ತಿದ್ರೆ ಅಂತ." ಹುಡುಗ ಟ್ರೇಲರಿನತ್ತ ಇನ್ನೊಮ್ಮೆ ಇಣುಕಿದ. "ಇವಳ ಗಂಡ ಸಿಪಾಯಿಯಾ? ಹಾಗಿದ್ರೆ ಕೇಳಿ ನೋಡ್ಬಹುದು."

"ಸಿಪಾಯಿಗೆ ಮೂಟೆ ಹೊರೋನು. ಗಡಿಯಲ್ಲಿದ್ದಾನೆ. ನಿಮ್ಮ ಗುಂಡೇ ಹೊರ್ತಾನೆ."

"ಕೂಲಿನಾ? ಹಾಗಾದ್ರೆ ಆಗಲ್ಲಮ್ಮ." ಅವನ ದನಿ ಸಣ್ಣದಾಯಿತು. "ಹೋಗಿ, ದಯವಿಟ್ಟು ಹೋಗಿ. ಸಾಹೇಬ್ರು ನೋಡಿದ್ರೆ ನಿಮಗೂ ಕಷ್ಟ, ನನಗೂ ಕಷ್ಟ."

ಕರಣೆ ಟ್ರೇಲರಿನಲ್ಲಿ ಎದ್ದು ನಿಂತು, "ಡಾಕ್ಟ್ರಮ್ಮಾ! ಓ ಡಾಕ್ಟ್ರಮ್ಮಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಬಿಳಿ ಕೋಟು ಕುರ್ಚಿಯಿಂದ ಅರ್ಧ ಎದ್ದಿತು. ಅಷ್ಟರಲ್ಲಿ ಬ್ಯಾಂಡಿನವರು ಬಾರಿಸಲು ಶುರುಮಾಡಿದರು. ಇನ್ನಿಬ್ಬರು ಸಿಪಾಯಿಗಳು ಬಂದೂಕು ಅಡ್ಡ ಹಿಡಿದು ಟ್ರಾಕ್ಟರನ್ನು ಹಿಂದಕ್ಕೆ ತಿರುಗಿಸಿದರು.

ಕಚ್ಚಾ ರಸ್ತೆಯಲ್ಲಿ ಗಾಡಿ ಕುಲುಕಿದಂತೆಲ್ಲ ಮಗಳು ತುಟಿ ಕಚ್ಚುತ್ತಿದ್ದಳು. ಒಂದು ಹಳ್ಳ ದಾಟುವಾಗ ಅವಳು ಇದ್ದಕ್ಕಿದ್ದಂತೆ ಕೂಗಿದಳು. ಕೆಳಗಿನ ಹೊದಿಕೆ ಒದ್ದೆಯಾಯಿತು, ಆಮೇಲೆ ಕೆಂಪಾಯಿತು. ಕರಣೆ ತಲೆ ಎತ್ತಿ ನೋಡಿದಳು. ಕ್ಯಾಂಪು ಇನ್ನೂ ದೂರ ಇತ್ತು. ಎಡಗಡೆ ಬೇಲಿಯ ಕಂಡಿಯಾಚೆ, ಇವರು ಕಲ್ಲು ಮರಳು ಸಾಗಿಸಿದ ದಾರಿಯ ಕೊನೆಗೆ, ಹೊಸ ಊರು ಬಿಸಿಲಲ್ಲಿ ಬೆಳ್ಳಗೆ ನಿಂತಿತ್ತು.

"ಅತ್ತ ತಿರುಗ್ಸು," ಅಂದಳು.

ಡ್ರೈವರು ಹಿಂತಿರುಗಿ ನೋಡಿದ. "ಅಕ್ಕಾ, ಏನು ಮಾತಾಡ್ತಿದ್ದೀಯಾ? ಇನ್ನೇನು ಹೊಡೆಯೋಕೆ ಶುರು ಮಾಡ್ತಾರೆ ಅದಕ್ಕೆ!"

"ಹೊಡೆಯೋವಾಗ ನೋಡ್ಕೊಳ್ಳೋಣ. ಮಂಚ ಇದೆ, ನೆರಳಿದೆ, ನೀರಿದೆ. ತಿರುಗ್ಸೋ ಅಂದ್ರೆ!"

ಅವನು ಹಲ್ಲು ಕಚ್ಚಿ ತಿರುಗಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಬೊಂಬೆಯನ್ನು ಕರಣೆ ಕಾಲಿನಿಂದ ಒದ್ದು ಉರುಳಿಸಿದಳು. ಮಗಳನ್ನು ಕಬ್ಬಿಣದ ಮಂಚದ ಮೇಲೆ, ಬಿಳಿ ಹಾಸಿಗೆಯ ಮೇಲೆ ಮಲಗಿಸಿದರು. ಡ್ರೈವರು ಟ್ರಾಕ್ಟರು ಓಡಿಸಿಕೊಂಡು ಹೋಗಿ ಕುಳ್ಳಿಯನ್ನು ಕರೆತಂದ. ಅವಳು ಬರುವಾಗ ಒಬ್ಬಳೇ ಬರಲಿಲ್ಲ, ಹಿಂದೆ ಹೆಂಗಸರು ಬಂದರು. ತೊಟ್ಟಿಯ ಬುಡದ ನಲ್ಲಿ ತಿರುಗಿಸಿದರೆ ನೀರು ಬಂತು, ದಪ್ಪನಾಗಿ, ಬಳಬಳನೆ. ಒಬ್ಬಳು ಅದನ್ನೇ ನೋಡುತ್ತ ನಿಂತುಬಿಟ್ಟಳು. "ಬಾಯಿ ಬಿಟ್ಕೊಂಡು ನಿಂತ್ಕೋಬೇಡ್ವೇ, ಹಿಡಿದು ಕಾಯಿಸೇ!" ಎಂದು ಕುಳ್ಳಿ ಗದರಿಸಿದಳು.

ಕುಳ್ಳಿ ಕೈ ತೊಳೆದುಕೊಂಡು ಮಂಚದ ಕಾಲ ಕಡೆ ಕುಳಿತಳು. ಎಷ್ಟು ಹೊತ್ತು ಹಿಡಿಯಿತೋ ಕರಣೆಗೆ ಗೊತ್ತಾಗಲಿಲ್ಲ. ಮಗಳ ಉಗುರು ಅವಳ ಮೊಣಕೈಯೊಳಗೆ ಇಳಿದಿತ್ತು. ದೂರದ ಬ್ಯಾಂಡು ನಿಂತು ಭಾಷಣ ಶುರುವಾಗಿತ್ತು. ಗಾಳಿ ಬೀಸಿದಾಗ ಒಂದೊಂದು ಮಾತು ತೇಲಿಬರುತ್ತಿತ್ತು. "ಒಬ್ಬ ಪ್ರಜೆಯ ಕೂದಲೂ ಕೊಂಕದಂತೆ" ಎಂದು ಯಾರೋ ಹೇಳಿದರು. ಚಪ್ಪಾಳೆ ಕೇಳಿಸಿತು. ಆಮೇಲೆ ಕುಳ್ಳಿ, "ಬಂತು, ಬಂತು, ತಿರುಗ್ತು ಕಣೇ, ಒಂದು ಸಲ ಜೀವ ಬಿಗಿ ಹಿಡಿದು ಮುಕ್ಕು ಮಗಳೇ!" ಅಂದಳು.

ಹೆಣ್ಣುಮಗು. ನೀಲಿಗಟ್ಟಿತ್ತು. ಕುಳ್ಳಿ ಕಾಲು ಹಿಡಿದು ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ತಟ್ಟಿದಳು. ಅದು ಕೊನೆಗೂ ಕೊಸರಾಡಿ ಅತ್ತಿತು.

ಆದರೆ ರಕ್ತ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಬಟ್ಟೆ ಒತ್ತಿದರೂ ನೆನೆಯುತ್ತಿತ್ತು. ಕುಳ್ಳಿಯ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಸೂಜಿಮದ್ದು ಬೇಕು ಅಕ್ಕ. ನನ್ನ ಹತ್ರ ಕೈ ಬಿಟ್ಟರೆ ಏನಿಲ್ಲ."

ಹೊರಗೆ ಜೀಪಿನ ಸದ್ದಾಯಿತು. ಕರಣೆ ಮಗುವನ್ನು ಪಕ್ಕದ ಹೆಂಗಸಿಗೆ ಕೊಟ್ಟು ಬಾಗಿಲಿಗೆ ಬಂದಳು. ಅವಳು ಒಳಗಿದ್ದ ಹೊತ್ತಿನಲ್ಲಿ ಸುದ್ದಿ ಹರಡಿ ಕ್ಯಾಂಪಿಗೆ ಕ್ಯಾಂಪೇ ಬಂದುಬಿಟ್ಟಿತ್ತು. ಬೊಂಬೆಗಳನ್ನು ಬೀದಿಗೆ ಎಸೆದು, ತಮ್ಮ ತಮ್ಮ ಬಟ್ಟೆ ಬಿಚ್ಚಿಕೊಂಡಿದ್ದರು. ತಾವು ಕಟ್ಟಿದ ಮನೆಗಳ ಹೊಸ್ತಿಲಲ್ಲಿ ಮುದುಕರು ಕುಳಿತಿದ್ದರು, ಕಿಟಕಿಗಳಲ್ಲಿ ಮಕ್ಕಳ ತಲೆಗಳಿದ್ದವು. ಮಾವ ಎದುರು ಮನೆಯ ಜಗುಲಿಯ ಮೇಲೆ ಕಾಲು ಚಾಚಿಕೊಂಡಿದ್ದ, ಮಂಡಿಯ ಗಾಯಕ್ಕೆ ನೊಣ ಕೂರದ ಹಾಗೆ ಅಂಗೈ ಮುಚ್ಚಿಕೊಂಡು.

ಮೀಸೆ ಸಾಹೇಬ ಜೀಪಿನಿಂದ ಹಾರಿ ಇಳಿದ. ಹಿಂದೆ ಗುತ್ತಿಗೆದಾರ.

"ಸೂಳೆ ಮಕ್ಕಳಾ, ಏನ್ರೋ ಇದು? ನನ್ನ ಬಾಯಿಗೆ ಮಣ್ಣು ಹಾಕ್ಬೇಕು ಅಂತ ಮಾಡಿದ್ದೀರಾ? ಎದ್ದೇಳ್ರೋ!" ಗುತ್ತಿಗೆದಾರನ ದನಿ ಕೀರಲಾಗಿತ್ತು.

ಯಾರೂ ಏಳಲಿಲ್ಲ. ಮೀಸೆ ಸಾಹೇಬ ನೇರ ಕರಣೆಯ ಹತ್ತಿರ ಬಂದ. ಅವಳ ಮೊಣಕೈ ತನಕ ರಕ್ತವಿತ್ತು. ಅವನ ಕಣ್ಣು ಒಂದು ಕ್ಷಣ ಅಲ್ಲಿ ನಿಂತಿತು.

"ಜನರನ್ನ ಕರ್ಕೊಂಡು ಈಗಿಂದೀಗ ಹೊರಗೆ ನಡಿ. ಅಲ್ಲಿ ಮಂತ್ರಿಗಳು ಕೂತಿದ್ದಾರೆ. ಫಿರಂಗಿ ತುಂಬಿ ನಿಲ್ಲಿಸಿದ್ದೀವಿ."

"ಒಳಗೆ ಮಗಳು ಹೆತ್ತು ಮಲಗಿದ್ದಾಳೆ ಸಾಹೇಬ್ರೇ. ರಕ್ತ ನಿಲ್ತಿಲ್ಲ. ನಿಮ್ಮ ಡಾಕ್ಟ್ರಮ್ಮನ್ನ ಕಳಿಸಿ."

"ಮೊದಲು ಹೊರಗೆ ಬನ್ನಿ. ಆಮೇಲೆ ಡಾಕ್ಟರ್ ನೋಡ್ತಾರೆ."

"ಆಮೇಲೆ ನೋಡಲ್ಲ ಸಾಹೇಬ್ರೇ." ಕರಣೆಯ ದನಿ ಏರಲಿಲ್ಲ. "ಬೇಲಿ ಆಚೆ ಹೋದ್ಮೇಲೆ ನಾವು ಯಾರು ನಿಮಗೆ? ಇಷ್ಟು ದಿನ ಆಚೆನೇ ಇದ್ವಲ್ಲ, ಯಾರು ಬಂದು ನೋಡಿದ್ರು? ಈ ಊರೊಳಗೆ ಇದ್ರೆ ಮಾತ್ರ ನೀವು ದುರ್ಬೀನು ಹಿಡಿದು ನೋಡೋದು. ಅವಳನ್ನ ಎತ್ತಿದ್ರೆ ದಾರಿಯಲ್ಲೇ ಹೋಗ್ಬಿಡ್ತಾಳೆ. ಡಾಕ್ಟ್ರಮ್ಮ ಬರ್ಲಿ, ರಕ್ತ ನಿಲ್ಲಿಸ್ಲಿ. ಅಲ್ಲೀವರೆಗೂ ನಾವು ಹೋಗಲ್ಲ."

"ಆ ಒಂದೊಂದು ಗುಂಡಿನ ಬೆಲೆ ಎಷ್ಟು ಗೊತ್ತೇನೇ ನಿನಗೆ?" ಗುತ್ತಿಗೆದಾರ ಮುಂದೆ ನುಗ್ಗಿದ. "ಒಂದು ಗುಂಡಿನ ದುಡ್ಡಲ್ಲಿ ನಿಮ್ಮ ಇಡೀ ಕ್ಯಾಂಪಿಗೆ ಮನೆ ಕಟ್ಬಹುದು! ಅಂಥದ್ದನ್ನ ನಿಮ್ಮಂಥ ದರಿದ್ರಗಳಿಗೋಸ್ಕರ ಕಾಯಿಸ್ತಿದ್ದೀರಲ್ಲೇ!"

ಹೇಳಿದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಮಾವ ಜಗುಲಿಯಿಂದ ಕತ್ತು ಚಾಚಿದ.

"ಇನ್ನೊಂದ್ಸಲ ಹೇಳಪ್ಪ, ನನಗೆ ಕಿವಿ ಮಂದ."

ಮೀಸೆ ಸಾಹೇಬ ಕೈಯ ವೈರ್‌ಲೆಸ್ಸಿನಲ್ಲಿ ಯಾರೊಂದಿಗೋ ಮಾತಾಡಿದ. ಆಚೆಯಿಂದ ಬಂದ ದನಿ ಒರಟಾಗಿತ್ತು. ಅವನು, "ಸರ್, ಹೆಂಗಸರು ಮಕ್ಕಳು ಇದ್ದಾರೆ ಸರ್," ಅಂದ. ಮತ್ತೆ, "ಸರಿ ಸರ್," ಅಂದ. ಕರಣೆಯ ಮುಖ ನೋಡದೆ, "ಐದು ನಿಮಿಷ. ಆಮೇಲೆ ನನ್ನ ಕೈಯಲ್ಲಿಲ್ಲ," ಎಂದು ಜೀಪು ಹತ್ತಿದ. ಗುತ್ತಿಗೆದಾರ ಓಡುತ್ತ ಹೋಗಿ ಹಿಂದಿನ ಕಂಬಿ ಹಿಡಿದು ನೇತಾಡಿದ.

ಧೂಳು ಇಳಿಯಿತು. ಡ್ರೈವರು ಕರಣೆಯ ಪಕ್ಕ ಬಂದು, "ಅಕ್ಕಾ, ಮಕ್ಕಳನ್ನಾದ್ರೂ ಕಳಿಸೋಣ," ಅಂದ. ಕರಣೆ ಹೂಂಗುಟ್ಟಿದಳು. ಚಿಕ್ಕವರನ್ನು ಟ್ರೇಲರಿಗೆ ಹತ್ತಿಸಿದರು. ಅವನು ಅವರನ್ನು ಬೇಲಿಯಾಚೆ ಇಳಿಸಿ ವಾಪಸು ನಡೆದು ಬಂದ, ಗಾಡಿಯನ್ನು ಅಲ್ಲೇ ಬಿಟ್ಟು. ಇಬ್ಬರು ಮೂವರು ತಾಯಂದಿರು ಮಕ್ಕಳ ಜೊತೆ ಹೋದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಉಳಿದವರು ಅಲ್ಲಲ್ಲೇ ಕುಳಿತರು.

ಗುಂಡು ಹೊರಟ ಸದ್ದಿಗಿಂತ ಮುಂಚೆ ನೆಲ ಅದುರಿತು. ಬೀದಿಯ ಆ ತುದಿಯ ಖಾಲಿ ಶಾಲೆ ಒಮ್ಮೆ ಮೇಲೆದ್ದಂತೆ ಕಂಡು, ಮರುಗಳಿಗೆ ಅಲ್ಲಿ ಇರಲಿಲ್ಲ. ಇಟ್ಟಿಗೆಯ ಚೂರು ಆಸ್ಪತ್ರೆಯ ಮಾಡಿಗೆ ಬಂದು ಬಡಿಯಿತು. ಕಿಟಕಿಯ ಗಾಜು ಒಡೆದು ಒಳಗೆ ಬಿತ್ತು. ಕರಣೆ ಮಂಚದ ಮೇಲೆ ಬೋರಲಾಗಿ ಬಿದ್ದು ಮಗಳನ್ನು ಮುಚ್ಚಿಕೊಂಡಳು. ಬೂದು ಬಣ್ಣದ ಧೂಳು ಬಾಗಿಲಿನಿಂದ ಉರುಳಿ ಬಂದು ಎಲ್ಲರ ಮುಖ ಒಂದೇ ಬಣ್ಣ ಮಾಡಿತು. ಯಾರೋ ಕೆಮ್ಮಿದರು. ಒಬ್ಬಳು ಅಳುತ್ತ ಯಾರದೋ ತಾಯಿಯನ್ನು ಬೈಯುತ್ತಿದ್ದಳು. ಮಗು ಕಿರುಚತೊಡಗಿತು.

ಕರಣೆ ಎದ್ದು ಬಾಗಿಲಿಗೆ ಬಂದು ಬೀದಿಯತ್ತ ನೋಡಿದಳು. ಓಡಿದವರು ಯಾರೂ ಇರಲಿಲ್ಲ. ಮಾವ ಜಗುಲಿಯಿಂದ ಕೆಳಗೆ ಬಿದ್ದಿದ್ದವನು ಮತ್ತೆ ಹತ್ತಿ ಕುಳಿತು ತಲೆಯ ಮೇಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ. ದೂರದಲ್ಲಿ ಫಿರಂಗಿಯ ಮೂತಿ ತುಸು ತುಸುವೇ ಈ ಕಡೆ ತಿರುಗುತ್ತಿತ್ತು. ಅದರ ಪಕ್ಕ ಪೆಂಡಾಲು. ಪೆಂಡಾಲಿನಲ್ಲಿ ಜನ ಎದ್ದು ನಿಂತಿದ್ದರು. ಅಲ್ಲಿ ಇಲ್ಲಿ ದುರ್ಬೀನಿನ ಗಾಜು ಬಿಸಿಲಿಗೆ ಮಿಂಚುತ್ತಿತ್ತು. ಡೇರೆಯ ಹತ್ತಿರ ಬಿಳಿ ಚುಕ್ಕೆಯೊಂದು ಓಡಾಡಿದಂತೆ ಕಂಡಿತು. ಅದು ಈ ಕಡೆ ಬರುತ್ತಿದೆಯೋ, ಅಲ್ಲೇ ಸುತ್ತುತ್ತಿದೆಯೋ ಅವಳಿಗೆ ತಿಳಿಯಲಿಲ್ಲ.

ಒಳಗಿಂದ ಕುಳ್ಳಿ ಕೂಗಿದಳು. "ಅಕ್ಕಾ, ಒಣಗಿದ ಬಟ್ಟೆ ಮುಗೀತು. ಒಂದೂ ಇಲ್ಲ."

ಕರಣೆ ಮೂಲೆಯಲ್ಲಿ ರಾಶಿ ಬಿದ್ದಿದ್ದ ರಕ್ತದ ಹೊದಿಕೆಗಳನ್ನು ಬಾಚಿ ಎದೆಗವಚಿಕೊಂಡು ನಲ್ಲಿಯ ಕೆಳಗೆ ಹಾಕಿದಳು. ಕುಕ್ಕರಗಾಲಿನಲ್ಲಿ ಕುಳಿತು ತಿಕ್ಕಿದಳು. ಕೆಂಪು ನೀರು ಹೊಸ ಬೀದಿಯ ಇಳಿಜಾರಿಗೆ ಹರಿಯಿತು. ಒಂದೊಂದನ್ನೇ ಹಿಂಡಿ, ಆಸ್ಪತ್ರೆಯ ಮುಂದೆ ಎಳೆದಿದ್ದ ಹಗ್ಗದ ಮೇಲೆ, ಪೆಂಡಾಲಿನತ್ತ ಮುಖ ಮಾಡಿ ಹರವಿದಳು. ಕಲೆ ಹೋಗಿರಲಿಲ್ಲ. ಗಾಳಿಗೆ ಅವು ಪಟಪಟನೆ ಬಡಿದುಕೊಂಡವು. ಇನ್ನಿಬ್ಬರು ಹೆಂಗಸರು ಬಂದು ಅವಳ ಪಕ್ಕ ಕುಳಿತು ಉಳಿದ ಬಟ್ಟೆಗೆ ಕೈ ಹಾಕಿದರು.

ಫಿರಂಗಿಯ ಮೂತಿ ತಿರುಗುವುದು ನಿಂತಿತು. ಆ ಕರಿ ಬಾಯಿ ನೆಟ್ಟಗೆ ಇವರತ್ತಲೇ ಇತ್ತು.

"ಮಾವಾ, ಸುಮ್ನೆ ಕೂರ್ಬೇಡ," ಕರಣೆ ತಿರುಗದೆ ಕೂಗಿದಳು. "ಇನ್ನೊಂದು ಬಕೆಟ್ ನೀರು ಹಿಡ್ಕೊಂಡು ಬಾ."